ಕಾಲು ನೆಲಕ್ಕೆ ತಾಗಬಾರದು

ಮಗಳಿಗೆ ನೇರವಾಗಿ ‘ಬೇಡ’ ಎನ್ನಲು ಧೈರ್ಯವಿಲ್ಲದ ಅಪ್ಪಂದಿರು ಏನು ಮಾಡುತ್ತಾರೋ ಮಹಂತೇಶರೂ ಅದನ್ನೇ ಮಾಡಿದರು. ಒಂದು ಷರತ್ತು ಹಾಕಿದರು. ದಿಲ್ಲಿಯ ಹೌಜ್ ಖಾಸ್ ಕಡೆ ಎಂಜಿನಿಯರಿಂಗ್ ಓದುತ್ತಿದ್ದ ಧನ್ಯಾ, ಜೂನ್‌ನಲ್ಲಿ ಗೆಳತಿಯರ ಜೊತೆ ಮನಾಲಿಯಿಂದ ಲೇಹ್‌ಗೆ ಸೈಕಲ್ಲಿನಲ್ಲಿ ಹೋಗುತ್ತೇನೆಂದು ಹಟ ಹಿಡಿದಿದ್ದಳು. ಆ ಬೆಟ್ಟಗಳ ಫೋಟೋ ನೋಡಿದಾಗಿನಿಂದ ಮಹಂತೇಶರಿಗೆ ಅನ್ನ ಸೇರುತ್ತಿರಲಿಲ್ಲ. ಹಾಗಂತ ಬಾಯಿಬಿಟ್ಟು ಹೇಳಿದರೆ ಕಿದ್ವಾಯಿ ನಗರದ ಆ ಪುಟ್ಟ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅಮ್ಮ, ಮಗಳು ಸೇರಿ ಅವರನ್ನು ಹುರಿದು ಮುಕ್ಕುತ್ತಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಷರತ್ತು ಇಷ್ಟೆ. ಗುರಗಾಂವ್‌ನಿಂದ ಆಚೆ, ಅರಾವಳಿ ಗುಡ್ಡಗಳ ನಡುವೆ ಮಾಂಗರ್ ಕಡೆಗೆ ಒಂದು ಹಾದಿಯಿದೆ. ಸ್ವಲ್ಪ ಮರಳು, ಸ್ವಲ್ಪ ಗಟ್ಟಿಮಣ್ಣು, ಉಳಿದದ್ದೆಲ್ಲ ಜಲ್ಲಿಕಲ್ಲು; ಕೊನೆಯಲ್ಲಿ ಉಸಿರು ಕೀಳುವ ಏರು. ಡಾಂಬರು ಮುಗಿದಲ್ಲಿಂದ ಆ ಏರಿನ ತುದಿ ಮುಟ್ಟುವವರೆಗೆ ಧನ್ಯಾಳ ಕಾಲು ನೆಲಕ್ಕೆ ತಾಗಬಾರದು. ತಾಗದಿದ್ದರೆ ಲೇಹ್. ತಾಗಿದರೆ ಲೇಹ್ ಮಾತು ಮನೆಯಲ್ಲಿ ಮತ್ತೆ ಏಳಬಾರದು. ತೀರ್ಪು ಕೊಡಲು ತಾವೇ ಹಳೆಯ ಅಟ್ಲಾಸ್ ಸೈಕಲ್ಲಿನಲ್ಲಿ ಹಿಂದೆ ಬರುವುದಾಗಿ ಹೇಳಿದರು.

“ಪಪ್ಪಾ, ನೀವು ಉಸ್ ಖಟಾರಾ ಸೈಕಲ್ ಮೇಲೆ ಬರ್ತೀರಾ? ಸೋಚ್ ಲೋ,” ಎಂದಳು ಧನ್ಯಾ.

“ನಾನು ಹೈಸ್ಕೂಲಿಗೆ ದಿನಾ ಸೈಕಲ್ಲಲ್ಲೇ ಹೋಗ್ತಿದ್ದೆ,” ಎಂದರು ಮಹಂತೇಶ್. ಆ ಹೈಸ್ಕೂಲಿನ ದಾರಿ ಅಂಗೈಯಷ್ಟು ಸಪಾಟಾಗಿತ್ತೆಂದು ಹೇಳಲಿಲ್ಲ.

ಫೆಬ್ರವರಿಯ ಭಾನುವಾರ. ಬಿಸಿಲು ಹಿತವಾಗಿತ್ತು. ಧನ್ಯಾಳ ಗೇರ್ ಸೈಕಲ್ಲು ಮರಳಿನಲ್ಲಿ ಓಲಾಡಿ, ಜಲ್ಲಿಯ ಮೇಲೆ ಕಟಕಟ ಹಲ್ಲು ಕಡಿದು, ಹೇಗೋ ಮುಂದೆ ಮುಂದೆ ಹೋಯಿತು. ಕೀಕರ್ ಮುಳ್ಳಿನ ಪೊದೆಗಳಿಂದ ಕೌಜುಗ ಹಕ್ಕಿಗಳು ಭರ್ರೆಂದು ಎದ್ದವು. ಮಹಂತೇಶರ ಅಟ್ಲಾಸ್ ಒಂದೊಂದು ಕಲ್ಲಿಗೂ ಒಂದೊಂದು ದೂರು ಹೇಳುತ್ತಿತ್ತು. ಏರು ಶುರುವಾದದ್ದೇ ತಡ, ಅವರು ಮರ್ಯಾದೆಯಿಂದ ಇಳಿದು ಸೈಕಲ್ಲನ್ನು ತಳ್ಳತೊಡಗಿದರು. ಷರತ್ತು ಮಗಳಿಗೆ ತಾನೆ, ತಮಗಲ್ಲ.

ಏರಿನ ನಡುಮಧ್ಯದ ಬಂಡೆಯ ಮೇಲೆ ಮೇಕೆ ಕಾಯುವ ಮುದುಕರೊಬ್ಬರು ಕೂತಿದ್ದರು. ದೊಡ್ಡ ಪಗಡಿ, ಅದಕ್ಕಿಂತ ದೊಡ್ಡ ಮೀಸೆ, ಮಡಿಲಲ್ಲಿ ಲಾಠಿ. ಧನ್ಯಾ ಅವರಿಗೆ ‘ರಾಮ್ ರಾಮ್’ ಎಂದು ದಾಟಿ ಮೇಲೇರಿದಳು. ತುದಿ ಇನ್ನೇನು ಕೂಗಳತೆಯಲ್ಲಿದೆ ಎನ್ನುವಾಗ ಸೈಕಲ್ಲಿನ ಹಿಂದಿನ ಚಕ್ರ ಜಾರಿತು. ಹ್ಯಾಂಡಲ್ ಆ ಕಡೆ ಈ ಕಡೆ ತೂಗಾಡಿತು.

ಮಹಂತೇಶರು ಷರತ್ತು ಹಾಕಿದ್ದೇ ಅವಳು ಸೋಲಲಿ ಎಂದು. ಅದೆಲ್ಲ ಆ ಗಳಿಗೆಯಲ್ಲಿ ಎಲ್ಲಿಗೆ ಹೋಯಿತೋ. ಕೆಳಗಿನಿಂದ ಗಂಟಲು ಹರಿಯುವಂತೆ ಕೂಗಿದರು: “ಹತ್ತು, ಹತ್ತು! ಬಿಡಬೇಡ, ಹತ್ತು!”

ಧನ್ಯಾ ಹ್ಯಾಂಡಲ್ ಸಾವರಿಸಿಕೊಂಡು ಮತ್ತೆ ಹತ್ತತೊಡಗಿದಳು. ಆದರೆ ನಡುವೆ ಕೂತಿದ್ದ ಮುದುಕರ ಕಿವಿಗೆ ಕನ್ನಡ ಎಲ್ಲಿಂದ ಬರಬೇಕು? ಅವರಿಗೆ ಕೇಳಿಸಿದ್ದು ‘ಹಟ್ ತೂ’. ತೊಲಗು ನೀನು ಅಂತ, ಅದೂ ಏಕವಚನದಲ್ಲಿ, ಅವರದೇ ಗುಡ್ಡದಲ್ಲಿ. ಲಾಠಿ ಊರಿ ಎದ್ದರು.

“ಕಿಸ್ಕೋ ಬೋಲಾ ಹಟ್ ತೂ?” ಯಾರಿಗೆ ಹೇಳಿದ್ದು ಎಂದು ಗದರುತ್ತಾ ಕೆಳಗಿಳಿದು ಬಂದರು.

ದಿಲ್ಲಿಗೆ ಬಂದು ಇಪ್ಪತ್ತು ವರ್ಷವಾದರೂ ಮಹಂತೇಶರದು ಫೈಲಿನ ಹಿಂದಿ. ಲಾಠಿ ಕಂಡೊಡನೆ ಅದೂ ಕೈಕೊಟ್ಟಿತು. ಅಷ್ಟರಲ್ಲಿ ಮೇಲೆ ಧನ್ಯಾ ತಿರುಗಿ ನೋಡಿದ್ದು ಕಾಣಿಸಿತು. ಇವಳು ವಾಪಸ್ ಬಂದರೆ ಎಲ್ಲ ಕೆಟ್ಟಿತು ಎನಿಸಿ ಕೈ ಬೀಸುತ್ತಾ ಮತ್ತೆ ಕೂಗಿದರು: “ಬರಬೇಡ, ನೀನು ಹತ್ತು, ಹತ್ತು!”

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಲಾಠಿ ಮೇಲೆದ್ದಿತು.

ಧನ್ಯಾ ಸೈಕಲ್ಲನ್ನು ಅಲ್ಲೇ ಕೆಡವಿ, ಜಲ್ಲಿಯ ಮೇಲೆ ಜಾರುತ್ತಾ ಓಡಿಬಂದು ಇಬ್ಬರ ನಡುವೆ ನಿಂತಳು. ದೊಡ್ಡಪ್ಪನನ್ನು ಕರೆಯುವಂತೆ ‘ತಾಊಜೀ’ ಎಂದಳು. ಇವರು ನನ್ನ ಅಪ್ಪ, ನಮ್ಮ ಭಾಷೆಯಲ್ಲಿ ಹತ್ತು ಅಂದರೆ ಮೇಲೇರು ಅಂತ, ನನಗೆ ಹೇಳಿದ್ದು, ನಿಮಗಲ್ಲ ಎಂದು ಅವರದೇ ಧಾಟಿಯ ಹಿಂದಿಯಲ್ಲಿ ನಗುನಗುತ್ತಾ ವಿವರಿಸಿದಳು. ಮುದುಕರು ಮಹಂತೇಶರನ್ನು ಮೇಲಿಂದ ಕೆಳಗೆ ನೋಡಿ, ಇಂಥ ಬೈಗುಳದ ಭಾಷೆಯಲ್ಲಿ ಮಕ್ಕಳನ್ನು ಬೆಳೆಸುವವರೂ ಇದ್ದಾರಲ್ಲ ಎಂದು ತಲೆಯಾಡಿಸಿ, ಮೇಕೆಗಳನ್ನು ಹೊಡೆದುಕೊಂಡು ಹೋದರು.

“ಯಾಕೆ ಬಂದೆ? ಇನ್ನು ಸ್ವಲ್ಪ ಇತ್ತು,” ಎಂದರು ಮಹಂತೇಶ್.

“ಲಾಠಿ ಇತ್ತು ಪಪ್ಪಾ. ಔರ್ ಕ್ಯಾ ಕರ್ತೀ?” ಎಂದಳು. ಆಮೇಲೆ ತನ್ನ ಶೂ ನೋಡಿಕೊಂಡು, “ಚಲೋ, ಷರತ್ ಖತಮ್. ಕಾಲು ಇಟ್ಟೆ,” ಎಂದಳು.

ಬೇಕಾದದ್ದು ಸಿಕ್ಕಿತ್ತು, ಆದರೆ ಮಹಂತೇಶರಿಗೆ ಕಿಂಚಿತ್ತೂ ಸಂತೋಷವಾಗಲಿಲ್ಲ. ನಾಚಿಕೆಯಾಯಿತು. ಆ ಬೆಟ್ಟಗಳಲ್ಲಿ ಇವಳಿಗೆ ಯಾರು ದಿಕ್ಕು ಎಂದು ಇಷ್ಟು ದಿನ ಹೆದರಿದ್ದರು. ಜೊತೆಗೆ ಹೋಗುವವರಿಗೆ ಇವಳೇ ದಿಕ್ಕಾದಾಳು ಎಂಬುದು ಹೊಳೆದಿರಲಿಲ್ಲ.

“ಲೇಹ್‌ಗೆ ಹೋಗಿ ಬಾ,” ಎಂದರು.

“ಕಾಲು ಇಟ್ಟೆ ಅಂದೆನಲ್ಲ?”

“ನನಗೋಸ್ಕರ ಇಟ್ಟ ಕಾಲು. ಅದನ್ನೂ ಲೆಕ್ಕಕ್ಕೆ ಹಿಡಿದರೆ ನಿಮ್ಮಮ್ಮ ನನಗೆ ಅನ್ನ ಹಾಕಲ್ಲ.” ಅಟ್ಲಾಸನ್ನು ಮತ್ತೆ ಏರಿನತ್ತ ತಳ್ಳುತ್ತಾ ಹೇಳಿದರು: “ನನಗೆ ಹೆದರಿಕೆ ಇದೆ ಧನ್ಯಾ. ಅದು ಹೋಗಲ್ಲ. ನೀನು ಹೋಗು.”

ಧನ್ಯಾ ನಗಲಿಲ್ಲ. ಅಟ್ಲಾಸ್‌ನ ಹ್ಯಾಂಡಲ್ಲಿಗೆ ತಾನೂ ಒಂದು ಕೈ ಕೊಟ್ಟಳು.

“ನನಗೂ ಹೆದರಿಕೆ ಇದೆ ಅಪ್ಪ,” ಎಂದಳು, ಅಚ್ಚ ಕನ್ನಡದಲ್ಲಿ. ಉಳಿದ ಏರನ್ನು ಇಬ್ಬರೂ ನಡೆದೇ ಹತ್ತಿದರು.