ಸುಣ್ಣ ಬಳಿಯದ ಕೋಣೆ

ಡಿಡಿಟಿಯ ವಾಸನೆ ಎಂದರೆ ನನಗೆ ಇವತ್ತಿಗೂ ರಾಯಪುರಂನ ನಮ್ಮ ಮನೆ. ಒದ್ದೆ ಗೋಡೆಗೆ ಔಷಧಿ ಅಂಗಡಿಯ ಗಾಟು ಬೆರೆತಂಥ ವಾಸನೆ. ಐವತ್ತೆಂಟನೆಯ ಇಸವಿಯ ಆಷಾಢದಲ್ಲಿ ಮಲೇರಿಯಾ ಇಲಾಖೆಯವರು ಬಂದು ಕೋಣೆ ಕೋಣೆಗೂ ಡಿಡಿಟಿ ಪಂಪು ಹೊಡೆದು ಹೋದರು. ನೀರು ಆರಿ, ಗೋಡೆಯ ತುಂಬ ಬಿಳಿ ಪುಡಿ ಮಚ್ಚೆ ಮಚ್ಚೆಯಾಗಿ ಉಳಿಯಿತು.

ಅದರ ಹಿಂದಿನ ವರ್ಷ ನನ್ನ ಚಿಕ್ಕಮ್ಮ ತುಂಗಾ ಮಲೇರಿಯಾ ಜ್ವರದಲ್ಲಿ ನಡುಗುತ್ತಲೇ ಹೊಟ್ಟೆಯಲ್ಲಿದ್ದ ಮಗುವನ್ನು ಕಳೆದುಕೊಂಡಿದ್ದಳು. ಈಗ ಮತ್ತೆ ಬಸುರಿ. ಸಂಕ್ರಾಂತಿಯ ಹೊತ್ತಿಗೆ ಹೆರಿಗೆ.

ದೀಪಾವಳಿಗೆ ಮುಂಚೆ ಮನೆಗೆ ಸುಣ್ಣ ಬಳಿಸುವುದು ನಮ್ಮಲ್ಲಿ ತಪ್ಪದ ಪದ್ಧತಿ. ಅಜ್ಜಿ ಅಂಬುಜಮ್ಮ ಆಳುಗಳನ್ನು ಕರೆಸಿದರು. ಆಳುಗಳು ನಡುಮನೆ ಮುಗಿಸಿ ಬಂದಾಗ ಚಿಕ್ಕಮ್ಮ ತನ್ನ ಕೋಣೆಯ ಬಾಗಿಲಿಗೆ ಅಡ್ಡವಾಗಿ ಸ್ಟೂಲು ಹಾಕಿ ಕೂತಿದ್ದಳು.

"ಈ ಕೋಣೆಗೆ ಬೇಡ ಅತ್ತೆ."

"ಏನೇ ಈ ಹಠ, ಈ ಪಿಡಿವಾದ? ಹಬ್ಬಕ್ಕೆ ಬಂದವರು, ಇವರ ಗೋಡೆಗೆ ಚಿಬ್ಬು ಹಿಡಿದಿದೆ ಅಂತ ನಗ್ತಾರೆ."

"ನಗಲಿ. ಸೊಳ್ಳೆ ಗೋಡೆ ಮೇಲೆ ಕೂತಾಗ ಆ ಪುಡಿ ತಾಗಿ ಸಾಯತ್ತೆ. ಮೇಲೆ ಸುಣ್ಣ ಬಳಿದರೆ ತಾಗೋದು ಹೇಗೆ?"

"ವಾಸನೆ ಹೋಗಿ ಎಷ್ಟು ಕಾಲ ಆಯ್ತು. ಇನ್ನೆಲ್ಲಿ ಮದ್ದು?"

"ವಾಸನೆ ಹೋದರೂ ಪುಡಿ ಇದೆಯಲ್ಲ. ಆರು ತಿಂಗಳು ಕೆಲಸ ಮಾಡತ್ತಂತೆ. ನನಗೆ ಬೇಕಾಗಿರೋದೂ ಅಷ್ಟೇ."

"ಸೊಳ್ಳೆಗಳೇ ಬಂದು ಹೇಳಿದ್ವಾ ನಿನಗೆ? ಕಿಟ್ಟು, ನಿನ್ನ ಹೆಂಡತಿಗೆ ನೀನಾದರೂ ಹೇಳೋ."

ಚಿಕ್ಕಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಆಫೀಸಿಗೆ ಟೈಮಾಯ್ತಮ್ಮ" ಎಂದು ಬೀದಿಗಿಳಿದ.

"ಹೋದ ವರ್ಷ ಗೋಡೆ ಬೆಳ್ಳಗೇ ಇತ್ತು ಅತ್ತೆ" ಎಂದಳು ಚಿಕ್ಕಮ್ಮ. "ಮಗು ಉಳೀಲಿಲ್ಲ."

ಸ್ವರ ಏರಿಸಲಿಲ್ಲ. ಕೂತಲ್ಲಿಂದ ಏಳಲೂ ಇಲ್ಲ. ಅಜ್ಜಿ ಅಡುಗೆಮನೆಗೆ ಹೋದರು. ಆಳುಗಳಲ್ಲೊಬ್ಬ ಚಿಕ್ಕಮ್ಮನ ಕಾಲ ಬಳಿ ಬಿದ್ದಿದ್ದ ಸುಣ್ಣದ ಹನಿಯನ್ನು ತನ್ನ ಹೆಗಲ ತುಂಡುಬಟ್ಟೆಯಿಂದ ಒರೆಸಿ, ಬಕೆಟ್ಟನ್ನು ಹಿತ್ತಲಿಗೆ ಒಯ್ದ.

ಮನೆಯವರೆಲ್ಲರ ಊಟ ಮುಗಿಯಿತು. ತಾನು ಎದ್ದರೆ ಯಾರಾದರೂ ಒಳಗೆ ನುಗ್ಗಿ ಬಳಿದುಬಿಡುತ್ತಾರೆಂದು ಚಿಕ್ಕಮ್ಮ ಅಲ್ಲೇ ಕೂತಿದ್ದಳು. ನಾನು ತಂದುಕೊಟ್ಟ ನೀರನ್ನಷ್ಟೇ ಕುಡಿದಳು.

ಅಡುಗೆಮನೆ ಬಿಟ್ಟು ಒಂದಗುಳೂ ಆಚೆ ಬರಕೂಡದೆನ್ನುವ ಅಜ್ಜಿ, ಸಾರನ್ನ, ಪಲ್ಯ, ಮೇಲಿಷ್ಟು ತುಪ್ಪ ಹಾಕಿದ ತಟ್ಟೆ ಹಿಡಿದು ಬಂದರು. ಬಾಗಿಲ ಒಳಗಿನ ಗೋಡೆಗೆ ತಾಗಿ ಪುಡಿ ಅಳಿಯದಂತೆ ಸೆರಗನ್ನು ಒಟ್ಟುಗೂಡಿಸಿ ಸೊಂಟಕ್ಕೆ ಸಿಕ್ಕಿಸಿ, ತಟ್ಟೆಯನ್ನು ಚಿಕ್ಕಮ್ಮನ ಕೈಗೆ ಕೊಟ್ಟರು.