ಸೀಟಿ ಇಲ್ಲದ ಕುಕ್ಕರಿನ ಬಿಸ್ಕೀಟು

ನಾನು ಒಂದು ಕುಕ್ಕರು. ಅಲ್ಯೂಮಿನಿಯಂ ಮೈ, ದೊಡ್ಡ ಬಾಯಿ, ಸಿಟ್ಟು ಯಾವಾಗಲೂ ನೆತ್ತಿಯ ಮೇಲೆ. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಚಪ್ಪಟೆ ತಗಡಾಗಿ ಬಿದ್ದಿದ್ದವನನ್ನು ಯಂತ್ರವೊಂದು ಒತ್ತಿ ಹಿಡಿದು ಹೊಟ್ಟೆ ಬರಿಸಿತು. ಕಣ್ಣು ಬಿಟ್ಟಾಗ ಹುಬ್ಬಳ್ಳಿಯ ಪಾತ್ರೆ ಅಂಗಡಿಯೊಂದರ ಕಪಾಟಿನಲ್ಲಿದ್ದೆ.

ಅಲ್ಲಿಂದ ನನ್ನನ್ನು ಮನೆಗೆ ತಂದವರು ಚನ್ನವೀರಪ್ಪ. ಬಸ್ ಕಂಡಕ್ಟರು. ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ, ಕೊರಳಲ್ಲಿ ಸೀಟಿ. ತಮ್ಮದೇ ಬಸ್ಸಿನಲ್ಲಿ, ಕಿಟಕಿಯ ಪಕ್ಕ ಕೂರಿಸಿ ಗದಗಿಗೆ ಕರೆತಂದರು. ಆ ಜಾಗ ಕೇಳಿದವರಿಗೆಲ್ಲ "ಅದಕ್ಕೂ ಟಿಕೇಟ ಆಗೇತ್ರಿ" ಎಂದು ನಗುತ್ತಿದ್ದರು.

ಅವರ ಹೆಂಡತಿ ಗೌರವ್ವ ಮಾತ್ರ ನಾನು ಬುಸುಗುಟ್ಟಿದರೆ ಸಾಕು, ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದರು. "ಅದೂ ನನ್ನಂಗ ಸೀಟಿ ಹೊಡೀತೈತಿ, ಅಷ್ಟ. ಕಡೀಯೂದಿಲ್ಲ, ಬಾ," ಎಂದು ಗಂಡ ಧೈರ್ಯ ಹೇಳಬೇಕಾಗುತ್ತಿತ್ತು. ಹಾಗೆ ನೋಡಿದರೆ ನಾವಿಬ್ಬರೂ ಒಂದೇ ಕಸುಬಿನವರು. ಅವರು ಸೀಟಿ ಊದಿದರೆ ಬಸ್ಸು ಹೊರಡುತ್ತಿತ್ತು, ನಾನು ಊದಿದರೆ ಮನೆಯವರು ಊಟಕ್ಕೆ ಏಳುತ್ತಿದ್ದರು.

ತೊಗರಿಬೇಳೆ ಬೇಯಿಸುತ್ತಾ ಆ ಮನೆಯ ಮಗ ವೀರೇಶನನ್ನು ದೊಡ್ಡವನನ್ನಾಗಿ ಮಾಡಿದೆ. ಅವನ ಮದುವೆಯಾಯಿತು. ಸೊಸೆ ಶಶಿಕಲಾ ಬಂದಳು, ಅವಳ ಜೊತೆಗೆ ಥಳಥಳ ಹೊಳೆಯುವ ಸ್ಟೀಲ್ ಕುಕ್ಕರೂ ಬಂತು. ಅಷ್ಟರಲ್ಲಿ ನನ್ನ ರಬ್ಬರು ಸಡಿಲಾಗಿತ್ತು, ಒಂದು ಹಿಡಿ ಮುರಿದಿತ್ತು. ಹೊಟ್ಟೆಗೆ ಬೆಳ್ಳುಳ್ಳಿ ತುಂಬಿ ನನ್ನನ್ನು ಅಟ್ಟದ ಮೇಲೆ ಇಟ್ಟರು. ಕೆಳಗೆ ಆ ಹೊಸಬ ಕೂಗಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಚನ್ನವೀರಪ್ಪನವರೂ ನಿವೃತ್ತರಾದರು. ಸೀಟಿ ಬಿಟ್ಟರೂ ಬಸ್ ಸ್ಟ್ಯಾಂಡಿನ ಚಟ ಬಿಡಲಿಲ್ಲ. ಚಹಾ ಅಂದರೆ ಬಿಸ್ಕೀಟು ಬೇಕು, ಅದ್ದಿಯೇ ತಿನ್ನಬೇಕು. ಅದರ ಮೇಲೆ ಸಕ್ಕರೆ ಕಾಯಿಲೆ ಬಂತು. ಬಲಗಾಲಿನ ಹೆಬ್ಬೆರಳಿಗೆ ಆದ ಗಾಯ ಒಣಗಲೊಲ್ಲದು. ಬಾಯಿ ಕಟ್ಟದಿದ್ದರೆ ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ದಿನಾ ಗಾಯ ತೊಳೆದು ಪಟ್ಟಿ ಕಟ್ಟುವವಳು ಶಶಿಕಲಾ. ಆಗೆಲ್ಲ ಮಾವ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದರು, ಇವಳು ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಒಂದು ದಿನ ನಡುಮನೆಯ ಗೂಟಕ್ಕೆ ತೂಗುಹಾಕಿದ್ದ ಹಳೇ ಕಂಡಕ್ಟರ್ ಚೀಲದ ಕಡೆಗೆ ಇರುವೆಗಳ ಸಾಲು ಹೊರಟಿತ್ತು. ಶಶಿಕಲಾ ಕೈ ಹಾಕಿ ನೋಡಿದರೆ ಒಳಗೆ ಅಂಗಡಿ ಬಿಸ್ಕೀಟಿನ ಪೊಟ್ಟಣಗಳು! ಎಲ್ಲವನ್ನೂ ಕೆಲಸದವಳ ಕೈಗೆ ಕೊಟ್ಟು ಕಳಿಸಿದಳು. ಸಂಜೆ ಮಾವ ಚಹಾದ ಕಪ್ಪನ್ನು ಆಚೆ ಸರಿಸಿದರು.

"ಬಿಸ್ಕೀಟಿಲ್ದ ಚಾ ನನಗ ಬ್ಯಾಡವಾ."

"ಮೈದಾ, ಸಕ್ರಿ ಇಲ್ದ ಬಿಸ್ಕೀಟ ನಾನ ಮಾಡಿಕೊಡ್ತೀನ್ರಿ ಮಾವಾರ."

"ಮಾಡು, ನೋಡೂಣು. ಚಾದಾಗ ಅದ್ದಿದ್ರ ಮುರದು ಬೀಳಬಾರ್ದು. ಅಂಥಾದ್ದು ಮಾಡಿದ್ರ ಅಂಗಡೀದು ಮುಟ್ಟಂಗಿಲ್ಲ. ಕಂಡಕ್ಟರನ ಮಾತಿದು."

ಮನೆಯಲ್ಲಿ ಓವನ್ ಇರಲಿಲ್ಲ. ಶಶಿಕಲಾ ಸ್ಟೂಲು ಹತ್ತಿ ನನ್ನನ್ನು ಇಳಿಸಿದಳು. ಬೆಳ್ಳುಳ್ಳಿ ಸುರಿದು, ತಿಕ್ಕಿ ತೊಳೆದು, ರಬ್ಬರು ತೆಗೆದಳು, ಸೀಟಿಯನ್ನೂ ತೆಗೆದಳು. ತಳಕ್ಕೆ ಉಪ್ಪು ಹಾಸಿ, ಅದರ ಮೇಲೆ ತಟ್ಟೆ ಇಡಲು ಒಂದು ಸ್ಟ್ಯಾಂಡು ಇಟ್ಟಳು. ಸೀಟಿ ಹೋದಾಗ ನನಗೆ ತಲೆ ಬೋಳಿಸಿದಷ್ಟು ನಾಚಿಕೆಯಾಯಿತು.

ಮೊದಲ ಸಲ ಒಲೆಯವರೆಗೂ ಹೋಗಲಿಲ್ಲ. ಮೈದಾದ ಬದಲು ಹಾಕಲೆಂದು ಶಶಿಕಲಾ ತರಿಸಿದ್ದ ಓಟ್ಸನ್ನು, ಸೊಸೆಗೆ ನೆರವಾಗಲೆಂದು ಗೌರವ್ವ ಅವಲಕ್ಕಿಯ ಹಾಗೆ ತೊಳೆದು, ನೆನೆಸಿ ಇಟ್ಟಿದ್ದರು. ಅದು ಅಂಬಲಿಯಾಗಿ ಕೂತಿತ್ತು. "ಕಾಳು ಕಡಿ ತೊಳೀದ ಹಾಕ್ತಾರೇನ?" ಎಂದು ಅವರು ಮುಖ ಚಿಕ್ಕದು ಮಾಡಿಕೊಂಡರೆ, ಚನ್ನವೀರಪ್ಪ ಬಗ್ಗಿ ನೋಡಿ, "ಗ್ವಾಡಿಗೆ ಪೋಸ್ಟರ ಹಚ್ಚಾಕ ಚಲೋ ಆಗ್ತೈತಿ," ಎಂದರು.

ಎರಡನೇ ಸಲ ದಪ್ಪಗೆ, ಮೆತ್ತಗೆ, ನೋಡಲು ಚೆಂದವಾಗಿ ಬಂದವು. ಮಾವ ಅದ್ದಿದರು. ಡುಬುಕ್! ಅರ್ಧ ಕಪ್ಪಿನ ತಳ ಸೇರಿತು. "ಸ್ಟಾಪ್ ಬರೂದರೊಳಗ ಇಳದು ಹೋತಲ್ಲವಾ!" ಎಂದು ಚಮಚದಿಂದ ಎತ್ತಿ ತೋರಿಸಿದರು. ಮೂರನೆಯ ಸಲದ್ದು ನನ್ನ ತಪ್ಪು. ಮೊದಲಿನ ಅಭ್ಯಾಸದಂತೆ ಗಡಿಬಿಡಿಯಲ್ಲಿ ಕಾದುಬಿಟ್ಟೆ. ಬಿಸ್ಕೀಟು ತಳ ಹಿಡಿದು ಮನೆಯೆಲ್ಲ ಹೊಗೆಯಾಯಿತು.

"ಸಕ್ರಿ ಇಲ್ದವು ಅಂಗಡ್ಯಾಗ ಸಿಗ್ತಾವ ಬಿಡು, ತರ್ತೀನಿ," ಎಂದ ವೀರೇಶ.

"ಬ್ಯಾಡ್ರಿ. ಅವರು ಮಾತು ಕೊಟ್ಟದ್ದು ನನಗ," ಎಂದಳು ಶಶಿಕಲಾ, ಸುಟ್ಟ ತಟ್ಟೆ ತಿಕ್ಕುತ್ತಲೇ.

ನಾಲ್ಕನೆಯ ಸಲ ಓಟ್ಸನ್ನು ಘಮ್ಮೆನ್ನುವ ಹಾಗೆ ಹುರಿದು, ಅರ್ಧವನ್ನು ಪುಡಿ ಮಾಡಿದಳು. ಗೋದಿಹಿಟ್ಟು, ಶೇಂಗಾಪುಡಿ, ಒಂದಿಷ್ಟು ತುಪ್ಪ, ಸಿಹಿಗೆ ರುಬ್ಬಿದ ಒಂದೆರಡು ಖರ್ಜೂರ. ಉಂಡೆ ಕಟ್ಟಿ ಬಟ್ಟಲಿನ ತಳದಿಂದ ತೆಳ್ಳಗೆ ಒತ್ತಿದಳು. ಉರಿ ಸಣ್ಣದು ಮಾಡಿ ನನ್ನ ಮುಂದೆ ಕೂತೇಬಿಟ್ಟಳು. ಅವಳ ಮುಖ ನೋಡಿ ನಾನೂ ಪಟ್ಟು ಹಿಡಿದೆ. ಇದ್ದಬದ್ದ ಸಿಟ್ಟನ್ನೆಲ್ಲ ನುಂಗಿಕೊಂಡು ಒಂದೇ ಹದದಲ್ಲಿ ಕಾದೆ. ಒಲೆಯ ಮೇಲೆ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ಜನ್ಮದಲ್ಲಿ ಅದೇ ಮೊದಲು.

ಆರಿದ ಮೇಲೆ ಚಹಾ ಬಂತು. ಮಾವ ಬಿಸ್ಕೀಟನ್ನು ಅದ್ದಿದರು. ಬೇಕೆಂದೇ ತಡಮಾಡಿದರು. ಗೌರವ್ವ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಮೇಲೆತ್ತಿದರು. ಇಡಿಯಾಗಿತ್ತು! ಬಾಯಿಗಿಟ್ಟು ನಿಧಾನವಾಗಿ ಅಗಿದು, ಕಪ್ಪು ಕೆಳಗಿಟ್ಟರು.

"ರೈಟ್, ರೈಟ್," ಎಂದರು. ಶಶಿಕಲಾ ಒಳಗೆ ಬಂದು ನನ್ನ ಬಿಸಿ ಮುಚ್ಚಳದ ಪಕ್ಕ ನಿಂತು ಅತ್ತಳು, ನಕ್ಕಳು.

ಅಂದಿನಿಂದ ಸಂಜೆಯ ಚಹಾಕ್ಕೆ ಒಂದು ಬಿಸ್ಕೀಟು. ಉಳಿದವು ಅವಳ ಕಪಾಟಿನಲ್ಲಿ, ಬೀಗದೊಳಗೆ. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಕುಂಟು ಹೆಜ್ಜೆಯ ಸಪ್ಪಳವಾಯಿತು. ಚನ್ನವೀರಪ್ಪ ಅತ್ತಿತ್ತ ನೋಡಿ ನನ್ನ ಮುಚ್ಚಳ ಎತ್ತಿದರು. ಒಳಗೆ ಒಂದೇ ಒಂದು ಬಿಸ್ಕೀಟು ಉಳಿದಿತ್ತು. ನಾನು ಮನಸ್ಸು ಮಾಡಿದ್ದರೆ ಮುಚ್ಚಳ ಠಣ್ಣೆನಿಸಿ ಮನೆಯನ್ನೇ ಎಬ್ಬಿಸಬಹುದಿತ್ತು. ಸುಮ್ಮನಿದ್ದೆ. ಅವರು ನಿಂತಲ್ಲೇ ತಿಂದು, ಟವೆಲ್ಲಿನಿಂದ ಮೀಸೆ ಒರೆಸಿಕೊಂಡು ಹೋದರು. ಮರುದಿನವೂ ಒಳಗೆ ಒಂದು ಇತ್ತು, ಅದರ ಮರುದಿನವೂ. ಈ ಹುಡುಗಿಗೆ ಎಂಥ ಮರೆವು ಎಂದುಕೊಂಡೆ.

ಒಂದು ಭಾನುವಾರ ವೀರೇಶ ನನ್ನೊಳಗೆ ಕೈ ಹಾಕಿದ. ಶಶಿಕಲಾ ಓಡಿಬಂದು ಕೈ ಹಿಡಿದಳು.

"ಅದಕ್ಕ ಕೈ ಹಚ್ಚಬ್ಯಾಡ್ರಿ! ದಿನಕ್ಕ ಎರಡು ನಡೀತಾವ ಅಂದಾರ ಡಾಕ್ಟರು. ಒಂದು ಚಾದ ಜೋಡಿ ನಾ ಕೊಡೂದು. ಇದು ಮಾವಾರು ಕದಿಯೂದು."

ಈಗ ನಾನು ಅಟ್ಟದ ಮೇಲಿಲ್ಲ, ಒಲೆಯ ಪಕ್ಕದ ಮೂಲೆಯಲ್ಲಿದ್ದೇನೆ. ತಳ ಕಪ್ಪಾಗಿದೆ, ಸೀಟಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ಹೊಸಬ ದಿನಾ ಕೂಗುತ್ತಾನೆ, ಕೂಗಲಿ ಪಾಪ. ಕೂಗಿ ಮಾಡಿದ ಅಡುಗೆ ನಾನೂ ಬೇಕಾದಷ್ಟು ಮಾಡಿದ್ದೇನೆ. ಈ ಮನೆಗೆ ನಾನು ಮಾಡಿದ ದೊಡ್ಡ ಕೆಲಸ ಮಾತ್ರ ಸದ್ದಿಲ್ಲದೆ ಆಯಿತು.

ಮಧ್ಯಾಹ್ನವಾಯಿತು. ಶಶಿಕಲಾ ಕಣ್ಣು ಮುಚ್ಚಿ ಮಲಗಿದ್ದಾಳೆ, ನಿದ್ದೆ ಬಂದಿಲ್ಲ. ನಡುಮನೆಯಿಂದ ಹೆಜ್ಜೆಯ ಸಪ್ಪಳ ಬರುತ್ತಿದೆ. ಆ ಹೆಜ್ಜೆಯಲ್ಲಿ ಈಗ ಕುಂಟಿಲ್ಲ.