ಮೂರನೇ ಮಹಡಿಗೆ ನೀರು ಬರಲ್ಲ

ಹನ್ನೆರಡು ಮನೆ, ಒಂದೇ ಕಟ್ಟಡ. ಮೆಟ್ಟಿಲು, ಲಿಫ್ಟು, ಪಂಪು ಎಲ್ಲವೂ ಎಲ್ಲರದು. ಎಲ್ಲರದು ಎಂದಮೇಲೆ ಕೇಳಬೇಕೆ, ಯಾರೂ ಅತ್ತ ತಿರುಗಿ ನೋಡುತ್ತಿರಲಿಲ್ಲ! ಹೋದ ಮಳೆಗಾಲದಲ್ಲಿ ಕಾಲುವೆ ಉಕ್ಕಿ, ನೀರು ಲಿಫ್ಟಿನ ಹೊಸ್ತಿಲಿಗೆ ನಾಲ್ಕೇ ಬೆರಳು ಕೆಳಗೆ ಬಂದು ನಿಂತಿತ್ತು. ಮೇಲಿನವರು ಕಿಟಕಿಯಿಂದ ಬಗ್ಗಿ ನೋಡಿ, "ಅಯ್ಯೋ ಪಾಪ" ಎಂದು ಪರದೆ ಎಳೆದುಕೊಂಡಿದ್ದರು.

ಹಾಗೆ ಪರದೆ ಎಳೆದವರಲ್ಲಿ ಮೂರನೇ ಮಹಡಿಯ ಟೈಲರ್ ಮೊದಲಿಗ. ಈ ಸಲ ಕೆಳಮನೆಯ ನರ್ಸಕ್ಕ ಮಳೆಗೆ ಮುಂಚೆಯೇ ಸಭೆ ಕರೆದರೆ, ಅವನು ಹೊಲಿಗೆ ಯಂತ್ರ ಬಿಟ್ಟು ಏಳಲೇ ಇಲ್ಲ.

"ಅಕ್ಕಾ, ನೀರೇನು ಮೆಟ್ಟಿಲು ಹತ್ಕೊಂಡು ಇಲ್ಲಿಗೆ ಬರತ್ತಾ? ಕೆಳಗಿನವರ ಪಾಡು ಕೆಳಗಿನವರು ನೋಡ್ಕೊಳ್ಳಿ."

"ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋ ಪೈಕಿ ನೀನು! ಭಾನುವಾರ ಬೆಳಿಗ್ಗೆ ಪ್ರವಾಹ ಬಂದಿದೆ ಅಂದ್ಕೋ. ನಾನು ಲಿಫ್ಟ್ ನಿಲ್ಲಿಸ್ತೀನಿ. ನೀನು ಅಮ್ಮನ್ನ ಆಸ್ಪತ್ರೆಗೆ ಹೊರಡಿಸು, ನೋಡೋಣ."

ಟೈಲರ್‌ನ ಅಮ್ಮನಿಗೆ ಗಾಲಿಕುರ್ಚಿಯೇ ಕಾಲು. ಡಯಾಲಿಸಿಸ್‌ಗೆಂದು ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಲೇಬೇಕು. ತಪ್ಪಿದರೆ ಜೀವಕ್ಕೇ ಸಂಚಕಾರ.

ಭಾನುವಾರ ಲಿಫ್ಟು ನಿಂತಿತು. ಟೈಲರ್ ಅಮ್ಮನನ್ನು ಬೆನ್ನ ಮೇಲೆ ಹೊತ್ತ. ನಲವತ್ತೆಂಟು ಮೆಟ್ಟಿಲು, ಹನ್ನೊಂದನೆಯದಕ್ಕೇ ಉಸ್ಸೆಂದು ಕುಳಿತುಬಿಟ್ಟ.

"ಏನೋ, ಮೂರನೇ ಮಹಡಿಗೆ ನೀರು ಬರಲ್ಲ ಅಂತಿದ್ದೆ. ನಿನ್ನ ಹಣೆಯಿಂದಲೇ ಸುರೀತಿದೆಯಲ್ಲೋ!" ಎಂದಳು ಅಮ್ಮ.

ಬಾಗಿಲುಗಳಲ್ಲಿ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಟೈಲರ್ ಕೂಡ ನಕ್ಕ. ಆದರೆ ನಿಜಕ್ಕೂ ನೀರು ಬಂದಿದ್ದರೆ ಅಮ್ಮನ ಗತಿ ಏನು ಎಂದು ನೆನೆದು ನರ್ಸಕ್ಕನತ್ತ ತಿರುಗಿದ.

"ಅಕ್ಕಾ, ಸಭೆ ಎಷ್ಟೊತ್ತಿಗೆ?"

ಸಭೆಯಲ್ಲಿ ಕೆಲಸ ಹಂಚಿಕೆಯಾಯಿತು. ಚರಂಡಿಯ ಜಾಲರಿ ತೆಗೆದು ಕಸ ಎತ್ತುವುದು ಎರಡನೇ ಮಹಡಿಯ ಮೇಷ್ಟರಿಗೆ. ಎಚ್ಚರಿಕೆ ಬಂದ ತಕ್ಷಣ ಲಿಫ್ಟನ್ನು ಮೇಲೆ ನಿಲ್ಲಿಸಿ, ನೀರು ಬರುವ ಮುನ್ನ ಮೈನ್ ಸ್ವಿಚ್ ಆರಿಸುವುದು ಬಸ್ ಡ್ರೈವರ್‌ಗೆ. ಅವನು ಡ್ಯೂಟಿಗೆ ಹೋಗಿದ್ದರೆ ಅವನ ಹೆಂಡತಿಗೆ. ಟೈಲರ್ ಮರಳು ತುಂಬಲು ಎಪ್ಪತ್ತು ಚೀಲ ಹೊಲಿದ. ಜೊತೆಗೆ ದಪ್ಪ ಕ್ಯಾನ್ವಾಸಿನಲ್ಲಿ ನಾಲ್ಕು ಹಿಡಿಕೆಯ ಹೊರುವ ಕುರ್ಚಿಯೊಂದನ್ನೂ ಹೊಲಿದ. ಅಮ್ಮ ಅದರಲ್ಲಿ ಕೂತು ನೋಡಿ, "ಮಹಾರಾಣಿ ಸವಾರಿ!" ಎಂದಳು.

ಮಳೆ ಬಂತು. ಒಂದು ಮಧ್ಯಾಹ್ನ ಎಚ್ಚರಿಕೆಯೂ ಬಂತು. ನೀರು ಗೇಟು ದಾಟುವ ಮೊದಲೇ ನಾಲ್ವರು ಮಹಾರಾಣಿಯನ್ನು ಇಳಿಸಿ, ಆಸ್ಪತ್ರೆ ಪಕ್ಕದಲ್ಲಿದ್ದ ಅವಳ ತಂಗಿಯ ಮನೆಗೆ ಕಳಿಸಿಯಾಗಿತ್ತು.

ಮರುದಿನ ಡಯಾಲಿಸಿಸ್ ಮುಗಿಸಿ ಅಮ್ಮ ಫೋನ್ ಮಾಡಿದಳು. "ಏನೋ, ಮೂರನೇ ಮಹಡಿಗೆ ನೀರು ಬಂತಾ?"

"ನೀರು ಬರಲಿಲ್ಲಮ್ಮಾ. ನರ್ಸಕ್ಕ, ಅವರ ಮನೆಯವರು, ಎರಡು ಪೆಟ್ಟಿಗೆ, ಒಂದು ಬೆಕ್ಕು ಬಂದಿದಾರೆ. ಬೆಕ್ಕು ನಿನ್ನ ಹಾಸಿಗೇಲಿ ಮಲಗಿದೆ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮದೂ ಹತ್ತು ಮನೆಯವರು ಸೇರಿ ಬಾಳುವ ಕಟ್ಟಡವೇ? ಈ ಭಾನುವಾರ ಒಂದು ಗಂಟೆ ಲಿಫ್ಟ್ ನಿಲ್ಲಿಸಿ ನೋಡಿ. ಯಾರನ್ನು ಹೊತ್ತು ಇಳಿಸಬೇಕು, ಯಾರು ಹೊರಬೇಕು, ಮೈನ್ ಸ್ವಿಚ್ ಯಾರ ಕೈಯಲ್ಲಿರಬೇಕು ಎಂದು ಅವತ್ತೇ ಮಾತಾಡಿಕೊಳ್ಳಿ. ನೀರು ಬಂದ ಮೇಲೆ ಸಭೆ ಸೇರಲು ಜಾಗವೇ ಇರುವುದಿಲ್ಲ.